ಓಣಿಯ ಸೂರ್ಯ

ಓಣಿಯಲ್ಲಿ ಯಾರಾದರೂ ಸತ್ತರೆ ಅವರ ಮನೆಯ ಒಲೆಯ ಜೊತೆಗೆ ಓಣಿಯ ಸೂರ್ಯನನ್ನೂ ಆರಿಸುವುದು ರೂಢಿ. ಆರಿಸುವುದೇನೋ ಸುಲಭ, ಮತ್ತೆ ಹೊತ್ತಿಸಬೇಕಾದವಳು ದಾನಮ್ಮ. ನೆಲಮಾಳಿಗೆಯಲ್ಲಿ, ಓಣಿಗೆಲ್ಲ ನೀರು ಕಾಯಿಸುವ ಆ ಪುಟ್ಟ ಸೂರ್ಯನಿಗೆ ಕಾವು ಕೊಡುವ ಅಯಾನು ಯಂತ್ರ ಬಲು ಹಟಮಾರಿ. ಸೀಸಿಯಂ ಆವಿ ಅದರ ಒಳಗೋಡೆಗೆ ಮಂಜಿನಂತೆ ತೆಳ್ಳಗೆ ಹಿಡಿದು ಕೂರುವವರೆಗೆ ಸೂರ್ಯನನ್ನು ಹೊತ್ತಿಸಲು ಬೇಕಾದ ಋಣ ಅಯಾನುಗಳು ಸಾಕಷ್ಟು ಹುಟ್ಟುವುದೇ ಇಲ್ಲ. ಈ ಸಲ ಬೆನ್ನುಬೆನ್ನಿಗೆ ಎರಡು ಸಾವಾಗಿ, ತಿಂಗಳೊಪ್ಪತ್ತು ಓಣಿಯೆಲ್ಲ ತಣ್ಣೀರು ಮಿಂದಿತ್ತು. ಇವತ್ತು ಬೆಳಿಗ್ಗೆಯಷ್ಟೇ ಯಂತ್ರ ಹದಕ್ಕೆ ಬಂದಿತ್ತು. ಗೋಡೆಗೊರಗಿ ಕೂತ ದಾನಮ್ಮನಿಗೆ ಏಳುವ ತ್ರಾಣವೂ ಉಳಿದಿರಲಿಲ್ಲ.

ಎದುರುಮನೆಯ ಪಾರವ್ವ ಮೆಟ್ಟಿಲಿಳಿದು ಬಂದು ರೊಟ್ಟಿಯ ಗಂಟು ಮುಂದಿಟ್ಟಳು. ಅವಳ ಗಂಡ ಹಾಸಿಗೆ ಹಿಡಿದು ಬಹಳ ದಿನವಾಗಿತ್ತು.

"ಕಾಕಾ ಹ್ಯಾಂಗದಾರ, ಚಿಗವ್ವಾ?"

"ಮಲಗ್ಯಾರವಾ. ಈಗಷ್ಟ ನಿದ್ದಿ ಹತ್ತೇತಿ. ನೀ ಮೊದಲ ಉಣ್ಣು, ನಿನ್ನ ಮಾರಿ ನೋಡಾಕ ಆಗವಲ್ದು."

ದಾನಮ್ಮ ಗಂಟು ಬಿಚ್ಚಿದಳು. ಪಾರವ್ವನ ರೊಟ್ಟಿಗಳು ಹಾಳೆಯಂತೆ ತೆಳ್ಳಗಿರುತ್ತಿದ್ದವು. ಇವು ಅಂಚು ಒಡೆದ ದಪ್ಪ ರೊಟ್ಟಿಗಳು, ಅವಳ ಪಕ್ಕದ ಮನೆಯ ಫಕೀರವ್ವನ ಕೈಯವು. ಪಾರವ್ವನ ಮನೆಯಲ್ಲಿ ಇವತ್ತು ಒಲೆ ಹೊತ್ತಿರಲಿಲ್ಲ.

ಮುರಿದ ತುತ್ತನ್ನು ಅವಳು ಗಂಟಿನಲ್ಲೇ ಇಟ್ಟಳು. ಪಾರವ್ವ ನೀರಿನ ತಂಬಿಗೆಯನ್ನು ಮುಂದೆ ಸರಿಸಿದಳು. ಯಂತ್ರ ಸಣ್ಣಗೆ ಗುಂಯ್‌ಗುಡುತ್ತಲೇ ಇತ್ತು.

"ಆರಿಸಲೇನು, ಚಿಗವ್ವಾ?" ದಾನಮ್ಮ ಮೆಲ್ಲಗೆ ಕೇಳಿದಳು.

"ಯಾಕ? ಮಲಗ್ಯಾರಂತ ಹೇಳಿದ್ನೆಲ್ಲಾ," ಎಂದಳು ಪಾರವ್ವ, ಸೆರಗಿನಿಂದ ಅವಳ ಹಣೆಯ ಬೆವರು ಒರೆಸುತ್ತ. "ನೀನೂ ಒಂದೀಟು ಮಲಗು."