ಗಂಡನಿಲ್ಲದ ವಿಡಿಯೊ

“ಶಿವನೇ, ಸಂಜೆಯೊಳಗೆ ಈ ಪಾಠ ಹೇಗೆ ಮುಗಿಸಲಿ?” ಬರಿ ಬಯಲನ್ನು ಕೇಳಿದಳು ವಾರಿಜಾ. ಮುಗಿಯದಿದ್ದರೆ ಕೆಲಸ ಹೋಗುತ್ತಿತ್ತು.

ಸರ್ಕಾರಿ ಯೋಜನೆಗಳಿಂದ ಹೆಂಗಸರಿಗೆ ಸಿಕ್ಕಿದ್ದೇನೆಂದು ಅಳೆಯುವವರಿಗೆ ಅವಳು ಆನ್‌ಲೈನ್ ತರಬೇತಿ ಸಿದ್ಧಪಡಿಸುತ್ತಿದ್ದಳು. ಪಾಠದ ಹಳೆಯ ವಿಡಿಯೊದಲ್ಲಿ ಈ ಹಳ್ಳಿಯ ಹುಲಿಗೆವ್ವ ಯೋಜನೆಯಲ್ಲಿ ಬಂದ ನಳದ ನೀರನ್ನು ಹೊಗಳುವಾಗ ಗಂಡ ಪಕ್ಕದಲ್ಲೇ ನಿಂತಿದ್ದ. ‘ಅವಳೊಬ್ಬಳನ್ನೇ ಮಾತಾಡಿಸಿ, ಹೊಸದು ತನ್ನಿ’ ಎಂದಿದ್ದರು ಮೇಲಿನವರು.

ಹುಲಿಗೆವ್ವನ ಮನೆಗೆ ಹೋಗಿ, ಅವಳ ಗಂಡನನ್ನು ಚಹಾದಂಗಡಿಗೆ ಸಾಗಹಾಕಿ ವಾರಿಜಾ ಬಾಗಿಲು ಮುಚ್ಚಿದಳು.

“ನಳದ ನೀರೆಲ್ಲಾ ಅವ ಹೊಲಕ್ಕ ತಿರುಗಿಸ್ಯಾನಕ್ಕಾ. ನಾ ಇನ್ನೂ ಕೊಡಾನ ಹೊರ್ತೀನಿ,” ಹುಲಿಗೆವ್ವ ಪಿಸುಗುಟ್ಟಿದಳು.

“ಇದೇ ಬೇಕಿತ್ತು ತಾಯಿ! ಇನ್ನೊಮ್ಮೆ ಹೇಳು, ಕೈ ಮುಗೀತೀನಿ.” ವಾರಿಜಾ ಕ್ಯಾಮೆರಾ ಎತ್ತಿದಳು.

“ಇದನ್ನ ಯಾರ್ ನೋಡ್ತಾರ?”

“ನಾಡೆಲ್ಲ ನೋಡುತ್ತೆ.”

“ಹಂಗಾರ ಅವನೂ ನೋಡ್ತಾನ. ನಾ ಒಲ್ಲೆ.”