ಅರಿಶಿನ ದಾರದ ಗಿಡ

ಗಿಡಕ್ಕೆ ಯಾರೋ ಕುಂಕುಮ ಇಟ್ಟಿದ್ದರು. ಬುಡದಲ್ಲಿ ಒಂದು ತುಂಡು ಮಲ್ಲಿಗೆ, ಪಕ್ಕದಲ್ಲೊಂದು ಬಾಳೆಹಣ್ಣು. ಭೂತಗನ್ನಡಿ ಹಿಡಿದು ಬಗ್ಗಿದ್ದ ಸರಸ ಅಲ್ಲೇ ಕುಕ್ಕರಿಸಿಬಿಟ್ಟಳು.

ತಪ್ಪು ಅವಳದೇ. ವಿಮಾ ಕಚೇರಿಯಿಂದ ನಿವೃತ್ತಳಾದ ಮೇಲೆ ಹತ್ತಿದ ಗಿಡಗಳ ಹುಚ್ಚು ಪ್ರತಿ ಭಾನುವಾರ ಅವಳನ್ನು ಚೆನ್ನೈನ ವೇಲಚೇರಿಯ ಮನೆಯಿಂದ ಗಿಂಡಿಯ ಈ ಕುರುಚಲು ಕಾಡಿಗೆ ಎಳೆದು ತರುತ್ತಿತ್ತು. ಹೋದ ತಿಂಗಳು ಇಲ್ಲಿ ಮರದ ನೆರಳಲ್ಲಿ ಕಳ್ಳಿಯ ಕುಲದ ಈ ಗೇಣುದ್ದದ ಗಿಡ ಸಿಕ್ಕಿತ್ತು. ಎಲೆ ಮುರಿದರೆ ಹಾಲು, ಎಲೆಯಡಿ ಕೆಂಪು, ಮೂರು ಹೋಳಿನ ಪುಟ್ಟ ಕಾಯಿ. ಸಸ್ಯಗಳ ಪಟ್ಟಿಯಲ್ಲಿ ಅದರ ಹೆಸರಿನೆದುರು ‘ಚೆನ್ನೈ’ ಎಂದು ಬರೆದು, ಇಲ್ಲಿ ತಾನಾಗಿ ಬೆಳೆಯುವುದು ಖಚಿತವಿಲ್ಲವೆಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಆ ಚಿಹ್ನೆಯನ್ನು ತಾನೇ ಅಳಿಸಬೇಕೆಂದು ಸರಸಳಿಗೆ ಆಸೆಯೋ ಆಸೆ. ಗುರುತಿಗೆ ಕಟ್ಟಿದ ಚೀಟಿ ಮಳೆಗೆ ಕರಗಿತ್ತು. ಬ್ಯಾಗಿನಲ್ಲಿ ವರಮಹಾಲಕ್ಷ್ಮಿ ಹಬ್ಬದ ಅರಿಶಿನ ದಾರವಿತ್ತು, ಅದನ್ನೇ ಕಟ್ಟಿದ್ದಳು.

ಪಟ್ಟಿ ನೋಡಿಕೊಳ್ಳುವ ಪ್ರೊಫೆಸರ್ ಶಂಕರನಾರಾಯಣ ಫೋಟೋ ನೋಡಿ ಗಿಡ ಅದೇ ಎಂದು ಒಪ್ಪಿದ್ದರು. ಆದರೆ ಒಂಟಿ ಗಿಡ ಯಾರದೋ ಕುಂಡದ ಮಣ್ಣಿನ ಜೊತೆಗೂ ಬಂದಿರಬಹುದು, ಇನ್ನೊಂದಾದರೂ ತೋರಿಸಿ ಎಂದಿದ್ದರು. ನಾಲ್ಕು ಭಾನುವಾರ ಹುಡುಕಿ ಸರಸಳ ಸೊಂಟ ಬಿದ್ದುಹೋಗಿತ್ತೇ ಹೊರತು ಇನ್ನೊಂದು ಸಿಕ್ಕಿರಲಿಲ್ಲ.

ಅಷ್ಟರಲ್ಲಿ ದಿನಾ ಇಲ್ಲಿ ವಾಕಿಂಗ್ ಬರುವ, ಮುಖಪರಿಚಯದ ಸುಗುಣಾ ಹೂವಿನ ಪೊಟ್ಟಣ ಹಿಡಿದು ಬಂದಳು. ಇದೇ ಊರಿನ ಪುರಸೈವಾಕ್ಕಂನಲ್ಲೇ ಹುಟ್ಟಿ ಬೆಳೆದ ಅವಳ ಕನ್ನಡದಲ್ಲಿ ತಮಿಳು ಧಾರಾಳ.

“ಚಪ್ಪಲಿ ಆ ಕಡೆ ಬಿಡಿ ಅಕ್ಕಾ. ಇದು ಅಮ್ಮನ್ ಗಿಡ. ಯಾರೋ ವೇಂಡಿಕೊಂಡು ದಾರ ಕಟ್ಟಿದಾರೆ. ಕಾಯಿ ನೋಡಿ, ಮೂರು ಕಣ್ಣು.”

ಇದು ಹರಕೆಯಲ್ಲ, ಗುರುತು ಎಂದು ಹೇಳಲು ಸರಸ ಬಾಯಿ ತೆರೆದಳು. ಸುಗುಣಾ ಬಿಟ್ಟರೆ ತಾನೆ? ಎಲ್ಲರ ಹರಕೆಯನ್ನೂ ಒಂದು ಬಡಪಾಯಿ ಗಿಡ ಹೊರುವುದು ಹೇಗೆ ಎಂದು, ವಾಕಿಂಗಿನ ಹೆಂಗಸರೆಲ್ಲ ಸೇರಿ ಈ ವಾರವೆಲ್ಲ ಹಳ್ಳದಾಚೆಗೂ ಹೋಗಿ ಇದರ ಅಕ್ಕತಂಗಿಯರನ್ನು ಹುಡುಕಿದ್ದರಂತೆ. ಹಾಲು ಬರಬೇಕು, ಎಲೆಯಡಿ ಕೆಂಪಿರಬೇಕು, ಮೂರು ಕಣ್ಣಿರಬೇಕು. ಸಿಕ್ಕ ಸಿಕ್ಕಲ್ಲಿ ದಾರ ಕಟ್ಟಿದ್ದರಂತೆ.

ಸರಸ ತಟ್ಟನೆ ಎದ್ದು ಸುಗುಣಾ ತೋರಿಸಿದ ಕಡೆ ಹೊರಟಳು. ಒಣಗಿದ ಹಳ್ಳ ದಾಟಿದರೆ ಪೊದೆಗಳ ಸಂದಿಯಲ್ಲಿ ಅಲ್ಲಲ್ಲಿ ಹಳದಿ ಮಿನುಗುತ್ತಿತ್ತು. ಒಂಬತ್ತು ದಾರ. ಒಂದೊಂದನ್ನೂ ಮಂಡಿಯೂರಿ ಪರೀಕ್ಷಿಸಿದಳು. ಎರಡು ಬರೀ ಅಚ್ಚೆಗಿಡ, ಎಲ್ಲೆಂದರಲ್ಲಿ ಬೆಳೆಯುವ ಹಾಲಿನ ಕಳೆ. ಉಳಿದ ಏಳೂ ಅಸಲಿ. ಅವಳಿಗೆ ನಗುವೂ ಬಂತು, ಕಣ್ಣೂ ತುಂಬಿತು. ಫೋಟೋಗಳು ಹೋದ ಹತ್ತು ನಿಮಿಷಕ್ಕೆ ಪ್ರೊಫೆಸರರ ಉತ್ತರ ಬಂತು. ಪ್ರಶ್ನಾರ್ಥಕ ಚಿಹ್ನೆ ತೆಗೆದಾಯಿತಂತೆ.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಸರಸ, ಮೊದಲ ದಾರ ಕಟ್ಟಿದ್ದು ತಾನೇ ಎಂದು ಒಪ್ಪಿಕೊಂಡಳು. ಸುಗುಣಾ ಒಂದಿಷ್ಟೂ ಬೆಚ್ಚಲಿಲ್ಲ.

“ಏನು ಬೇಡಿಕೊಂಡಿದ್ರಿ?”

“ಬೇಡಿಕೊಳ್ಳೋದೇನು ಬಂತು? ಇನ್ನೊಂದು ಗಿಡ ಸಿಕ್ಕಿದ್ರೆ ಸಾಕಪ್ಪಾ ಅಂತಿದ್ದೆ, ಅಷ್ಟೇ.”

ಸುಗುಣಾ ಹೂವಿನ ಪೊಟ್ಟಣವನ್ನು ಅವಳ ಕೈಗಿಟ್ಟಳು. “ಏಳು ಕೊಟ್ಟಿದಾಳಲ್ಲ ಅಕ್ಕಾ.”

ಸರಸ ಭೂತಗನ್ನಡಿಯನ್ನು ಬ್ಯಾಗಿಗೆ ಹಾಕಿ, ಚಪ್ಪಲಿ ಬಿಟ್ಟಳು.