ಬಾವಿಗೆ ಬಿದ್ದವರು

"ನಿಜವಾಗಿ ನಡೆದಿದ್ದೇ ಆಗಿರ್ಬೇಕಂತೆ ಅತ್ತೆ, ಕೇಳಿ," ಎಂದು ಯಮುನಾ ವಾರಪತ್ರಿಕೆಯ ಸ್ಪರ್ಧೆಗೆ ಬರೆದ ಅನುಭವವನ್ನು ಓದಿದಳು. ಈಗ ಸೈಟಾಗಿರುವ ಹೊರಮಾವು ಊರಿನ ತೋಟದ ಬಾವಿಗೆ ಆಗಿನ್ನೂ ಹೊಸ ಸೊಸೆಯಾಗಿದ್ದ ಅತ್ತೆ ಮಾರಕ್ಕ ಬಿದ್ದದ್ದು, ಗಂಡ ಮುನಿಆಂಜನಪ್ಪ ಹಗ್ಗ ಬಿಟ್ಟು ಮೇಲಕ್ಕೆಳೆದದ್ದು. ಮಾವ ಪ್ರತಿ ಹಬ್ಬದೂಟಕ್ಕೂ ನೆಂಟರ ಮುಂದೆ ಹೇಳುವ ಕಥೆ ಅದು.

ಸೊಪ್ಪು ಬಿಡಿಸುತ್ತಿದ್ದ ಮಾರಕ್ಕನ ಕೈ ನಿಂತಿತು. "ನಿಜಾನೇ ಬೇಕಂತಾ?"

"ಹೂಂ. ಯಾಕತ್ತೆ?"

ಮಾರಕ್ಕ ಬಲಗೈ ಬಿಚ್ಚಿ ತೋರಿಸಿದರು. ಅಂಗೈಗೆ ಅಡ್ಡಲಾಗಿ ಹಗ್ಗ ಉಜ್ಜಿದ ಹಳೆಯ ಕಲೆಯಿತ್ತು. "ಬಿದ್ದಿದ್ದು ನಿಮ್ಮಾವ ಕಣಮ್ಮ. ಎಳೆದಿದ್ದು ನಾನು. ಹೆಂಡ್ತಿ ಎಳೆದ್ಲು ಅಂತ ಊರಲ್ಲಿ ಹೇಳ್ಕೊಳ್ಳೋಕಾಗ್ತದಾ?"

ಯಮುನಾ ಪೆನ್ನಿನ ಮುಚ್ಚಳ ತೆಗೆದಳು.

ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಮಾವ ಕೆಮ್ಮಿದರು. "ಅದು ಹಬ್ಬಕ್ಕೆ ಮುಂಚೆ ಅಚ್ಚಾಗುತ್ತೇನಮ್ಮಾ?"